ಶರಬತ್ತು ಮುಟ್ಟಿಯೇ ಇಲ್ಲ ಎಂದವನ ಮೂರನೆಯ ದೂರು

ಮಾನ್ಯ ಆರೋಗ್ಯಾಧಿಕಾರಿಗಳೇ,

ಕನ್ನಡಕದಂಗಡಿ ಇಟ್ಟುಕೊಂಡು, ಬಿಡುವಿನಲ್ಲಿ ನಮ್ಮ ಬೀದಿಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯೂ ಆಗಿರುವ ನಾನು, ತಮ್ಮ ಅಮೂಲ್ಯ ಸಮಯವನ್ನು ಹಾಳುಮಾಡುವ ಅಭ್ಯಾಸವನ್ನು ಇನ್ನೂ ಬಿಡದೆ, ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಇಲಾಖೆಯ ಮೇಲೆ ಇದು ನನ್ನ ಮೂರನೆಯ ದೂರು. ಮೊದಲ ಎರಡನ್ನು ತಾವು ಓದಿಲ್ಲವೆಂದು ನಂಬಿದ್ದೇನೆ. ಓದಿದ್ದರೆ ದಯವಿಟ್ಟು ಮರೆತುಬಿಡಬೇಕು, ಏಕೆಂದರೆ ಅವುಗಳಲ್ಲಿ ದಿನಾಂಕವನ್ನು ಬಿಟ್ಟರೆ ಬೇರೆ ಯಾವುದೂ ಸರಿಯಾಗಿರಲಿಲ್ಲ. ಈ ದೂರು ಮಾತ್ರ ಸಾಚಾ. ಇದು ತಮ್ಮ ಆರೋಗ್ಯ ಸಹಾಯಕಿಯೊಬ್ಬರ ಮಿತಿಮೀರಿದ ತಾಳ್ಮೆಯನ್ನು ಕುರಿತದ್ದು.

ನಮ್ಮ ಬೀದಿಯಲ್ಲಿ ಒಂದೇ ವಾರದಲ್ಲಿ ಏಳು ಮಂದಿಗೆ ಕಾಮಾಲೆಯಾಯಿತು. ಮರುದಿನವೇ ಸದರಿ ಸಹಾಯಕಿಯವರು ಹೆಗಲಿಗೆ ಚೀಲ ಹಾಕಿಕೊಂಡು, ಕಾಯಿಲೆ ಬಿದ್ದವರ ಮನೆಗೂ ಬೀಳದವರ ಮನೆಗೂ ಒಂದೇ ಸಮನೆ ಹೋಗಿ ಬರತೊಡಗಿದರು. ನಮ್ಮ ಮನೆಗೆ ಬಂದವರು ಕುರ್ಚಿಯ ಅಂಚಿನಲ್ಲಿ ಕುಳಿತು, ಮೊಣಕಾಲ ಮೇಲೆ ಫಾರಂ ಇಟ್ಟುಕೊಂಡು ಕೇಳಿದರು: "ಹೋದ ಎರಡು ತಿಂಗಳಲ್ಲಿ ಹೊರಗಡೆ ಏನಾದ್ರೂ ಕುಡಿದಿದ್ದೀರಾ ಸಾರ್? ಜ್ಯೂಸು, ಶರಬತ್ತು, ಐಸ್ ಹಾಕಿದ್ದು, ಏನಾದ್ರೂ?"

ಇಲ್ಲಿ ತಮಗೆ ಎರಡು ಸಂಗತಿ ತಿಳಿದಿರಬೇಕು. ನನ್ನ ಅಂಗಡಿಯ ಎದುರಿಗೇ ಒಂದು ಶರಬತ್ತಿನ ಅಂಗಡಿಯಿದೆ, ಅಲ್ಲಿ ನಾನು ದಿನಾ ಮಧ್ಯಾಹ್ನ ನಾಲ್ಕಕ್ಕೆ ನಿಂಬೆ ಶರಬತ್ತು ಕುಡಿಯುತ್ತಿದ್ದೆ, ಐಸ್ ಜಾಸ್ತಿ, ಸಕ್ಕರೆ ಇನ್ನೂ ಜಾಸ್ತಿ. ಎರಡನೆಯದು, ನನಗೆ ಸಕ್ಕರೆ ಕಾಯಿಲೆಯಿದೆ, ಮತ್ತು ಆ ಪ್ರಶ್ನೆ ಕೇಳಿದ ಹೊತ್ತಿನಲ್ಲಿ ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಹೀಗಾಗಿ ನಾನು, ಕುದಿಸಿ ಆರಿಸಿದ ನೀರಿನ ಹೊರತು ಹೊರಗಿನ ಒಂದು ತೊಟ್ಟನ್ನೂ ಮುಟ್ಟುವವನಲ್ಲ ಎಂದು, ಸಂಘದ ವಾರ್ಷಿಕ ಸಭೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದೆ. ಸಹಾಯಕಿಯವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, "ಅವಸರ ಇಲ್ಲ ಸಾರ್, ನೆನಪು ಮಾಡ್ಕೊಂಡು ಹೇಳಿ" ಎಂದರು. ನೆನಪು ಚೆನ್ನಾಗಿಯೇ ಇತ್ತು, ಸ್ವಾಮಿ. ಅದೇ ತೊಂದರೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಶರಬತ್ತಿನವನು ನಮ್ಮ ಸಂಘದ ಸದಸ್ಯ, ಒಳ್ಳೆಯ ಮನುಷ್ಯ. ಅವನ ಹೊಟ್ಟೆಯ ಮೇಲೆ ಹೊಡೆಯಬಾರದೆಂಬ ಕರುಣೆಯಿಂದ, ಮತ್ತು ನನ್ನ ಗುಟ್ಟು ಅವನ ಬಾಯಿಂದ ಹೊರಬೀಳಬಾರದೆಂಬ ಇನ್ನೂ ದೊಡ್ಡ ಕರುಣೆಯಿಂದ, ನಾನು ನಾಲ್ಕಾರು ಮನೆಗೆ ಹೋಗಿ, "ಸುಮ್ನೆ ಅವನ ಹೆಸರು ಹೇಳ್ಬೇಡಿ, ನಲ್ಲಿ ನೀರು ಅನ್ನಿ, ಅದೇ ಇರಬೇಕು" ಎಂದು ಬುದ್ಧಿ ಹೇಳಿ ಬಂದೆ. ಜನ ನನ್ನ ಮಾತಿಗೆ ಇಷ್ಟು ಬೆಲೆ ಕೊಡುತ್ತಾರೆಂದು ಅಂದೇ ನನಗೆ ಗೊತ್ತಾದದ್ದು. ಕಾಯಿಲೆ ಬಿದ್ದವರೂ ನಲ್ಲಿ ನೀರು ಎಂದರು, ಬೀಳದವರೂ ನಲ್ಲಿ ನೀರು ಎಂದರು, ತಮ್ಮ ಇಲಾಖೆಯು ನಮ್ಮನ್ನು ನಂಬಿ ನೀರಿನ ಪೈಪು ಅಗೆಸಲು ಶುರುಮಾಡಿತು.

ಒಂಬತ್ತು ದಿನ ಅಗೆದರು. ಪೈಪಿನಲ್ಲಿ ಒಂದು ಬಿರುಕೂ ಸಿಗಲಿಲ್ಲ. ಇದ್ದರಲ್ಲವೇ ಸಿಗುವುದು. ಅಷ್ಟರಲ್ಲಿ ನಾನು, ತಮ್ಮ ಇಲಾಖೆಯ ವಿಳಂಬ, ಉದಾಸೀನ ಮತ್ತು ಅದಕ್ಷತೆಯನ್ನು ಖಂಡಿಸಿ ಎರಡು ಮನವಿ ಬರೆದು, ಒಂದೇ ಸಂಜೆಯಲ್ಲಿ ನಲವತ್ತೆರಡು ಸಹಿ ಹಾಕಿಸಿ ಕಳಿಸಿದೆ. ಬಿಸಿಲಲ್ಲಿ ಅಗೆಯುತ್ತಿದ್ದ ನಾಲ್ವರನ್ನು ನೋಡಿ ಮನಸ್ಸು ಕರಗಿ, ಎದುರಂಗಡಿಯಿಂದ ನಾಲ್ಕು ಲೋಟ ಶರಬತ್ತನ್ನೂ ತರಿಸಿಕೊಟ್ಟೆ. "ಐಸ್ ಚೆನ್ನಾಗಿ ಹಾಕು" ಎಂದು ಕೂಗಿ ಹೇಳಿದವನೂ ನಾನೇ.

ಹತ್ತನೆಯ ದಿನ ಸಹಾಯಕಿಯವರು, ಸುತ್ತಲಿನ ಬೀದಿಗಳ ಬಸುರಿಯರನ್ನೆಲ್ಲ ಒಮ್ಮೆ ಕಣ್ಣಾರೆ ನೋಡಿಬಿಡೋಣವೆಂದು ಹೊರಟು, ಎರಡು ಬೀದಿ ಆಚೆಗಿರುವ ನನ್ನ ಮಗಳ ಮನೆಗೆ ಹೋದರು. ಅವಳಿಗೆ ಆಗ ಏಳು ತಿಂಗಳು. ಬಾಗಿಲು ತೆಗೆದವಳ ಮುಖ ನೋಡಿದವರೇ ಒಳಗೂ ಬರದೆ, "ಕಣ್ಣು ಹಳದಿಯಾಗಿದೆಯಲ್ಲಮ್ಮ, ನಡಿ ಆಸ್ಪತ್ರೆಗೆ" ಎಂದರಂತೆ. ಅದರ ಹಿಂದಿನ ದಿನವಷ್ಟೇ, ಸುಸ್ತು, ಕಣ್ಣು ಭಾರ ಎನ್ನುತ್ತಿದ್ದ ಮಗಳನ್ನು ನಾನು ಅಂಗಡಿಯಲ್ಲಿ ಕೂರಿಸಿ, ಎರಡೂ ಕಣ್ಣಿಗೆ ದೀಪ ಹಿಡಿದು ಕಾಲು ಗಂಟೆ ಪರೀಕ್ಷಿಸಿ, ಓದುವ ಕನ್ನಡಕ ಬರೆದುಕೊಟ್ಟಿದ್ದೆ. ಹಳದಿ ಕಂಡಿತ್ತು. ಬಲ್ಬಿನದು ಅಂದುಕೊಂಡೆ. ಇಪ್ಪತ್ತಾರು ವರ್ಷದಿಂದ ಊರಿನ ಕಣ್ಣು ನೋಡುವುದೇ ನನ್ನ ಕಸುಬು.

ಹುಳಿ ಹುಳಿಯಾಗಿ ತಣ್ಣಗೆ ಏನಾದರೂ ಬೇಕು ಎಂದು ಮಗಳು ಆಸೆಪಟ್ಟಾಗ, ವಾರ ವಾರವೂ ಫ್ಲಾಸ್ಕಿನಲ್ಲಿ ಶರಬತ್ತು ಒಯ್ದು, "ಅಮ್ಮನಿಗೆ ಹೇಳ್ಬೇಡ" ಎಂದು ಕುಡಿಸಿದವನು ಯಾರೆಂದು ತಾವು ಊಹಿಸಿರುತ್ತೀರಿ.

ಬಸುರಿಯರಿಗೆ ಈ ಬಗೆಯ ಕಾಮಾಲೆ ಬಂದರೆ ತಾಯಿ ಮಗು ಇಬ್ಬರಿಗೂ ಅಪಾಯವೆಂದು ಡಾಕ್ಟರು ಹೇಳಿ ಒಳಗೆ ಹೋದರು. ಆಸ್ಪತ್ರೆಯ ಬೆಂಚಿನ ಒಂದು ತುದಿಯಲ್ಲಿ ನನ್ನ ಹೆಂಡತಿ, ನಡುವೆ ನಾನು. ಇನ್ನೊಂದು ತುದಿಯಲ್ಲಿ ಸಹಾಯಕಿಯವರು ಬಂದು ಕುಳಿತು, ಚೀಲದಿಂದ ಹೊಸ ಫಾರಂ ತೆಗೆದು, ಮೊದಲ ಸಲ ಕೇಳಿದ ದನಿಯಲ್ಲೇ ಕೇಳಿದರು: "ಹೋದ ಎರಡು ತಿಂಗಳಲ್ಲಿ ಹೊರಗಡೆ ಏನಾದ್ರೂ ಕುಡಿದಿದ್ದೀರಾ ಸಾರ್?"

ಹೇಳಿದೆ. ದಿನಾ ನಾಲ್ಕು ಗಂಟೆಗೆ ಎಂದೆ, ಫ್ಲಾಸ್ಕಿನ ವಿಷಯ ಹೇಳಿದೆ, ಮನೆಮನೆಗೆ ಹೋಗಿ ಬಾಯಿ ಮುಚ್ಚಿಸಿದ್ದನ್ನೂ ಹೇಳಿದೆ. ಹೆಂಡತಿಯ ಕಡೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಅವಳು ಎದುರಿನ ಗೋಡೆ ನೋಡುತ್ತಲೇ, "ನೀವು ಕುಡಿಯೋದು ನಂಗೆ ಮೊದಲಿಂದ್ಲೂ ಗೊತ್ತಿತ್ತು. ಹೊರಗಿನವರ ಮುಂದೆ ನಿಮ್ಮ ಮಾನ ಹೋಗ್ಬಾರ್ದು ಅಂತ ಅವತ್ತು ಸುಮ್ನಿದ್ದೆ" ಎಂದಳು. ಆಮೇಲೆ ದನಿ ತಗ್ಗಿಸಿ, "ಅವಳಿಗೂ ಕೊಡ್ತಿದ್ದೀರಿ ಅಂತ ಗೊತ್ತಿರ್ಲಿಲ್ಲ" ಎಂದಳು.

ದೂರಿನ ಮುಖ್ಯ ಅಂಶ ಈಗ ಬರುತ್ತದೆ. ಇಷ್ಟೆಲ್ಲ ಕೇಳಿದ ತಮ್ಮ ಸಹಾಯಕಿಯವರು ನನ್ನನ್ನು ಬೈಯಲಿಲ್ಲ. ಒಂದು ನಿಟ್ಟುಸಿರನ್ನೂ ಬಿಡಲಿಲ್ಲ. "ಸರಿ ಸಾರ್. ಆ ಶರಬತ್ತಿನವರಿಗೆ ಐಸ್ ಎಲ್ಲಿಂದ ಬರುತ್ತೆ, ಗೊತ್ತಾ?" ಎಂದಷ್ಟೇ ಕೇಳಿ, ಬರೆದುಕೊಂಡು, ಎದ್ದು ಹೋದರು. ಸಂಜೆಯೊಳಗೆ ಐಸ್ ಕಾರ್ಖಾನೆಗೆ ಬೀಗ ಬಿತ್ತು. ಅದರ ನೀರಿನ ತೊಟ್ಟಿಗೆ ಪಕ್ಕದ ಒಡೆದ ಚರಂಡಿ ಸೋರುತ್ತಿತ್ತು. ಒಂಬತ್ತು ದಿನ ಸಿಗದ ಉತ್ತರ ಐದು ಗಂಟೆಯಲ್ಲಿ ಸಿಕ್ಕಿತು. ನನ್ನಂಥವನನ್ನು ಗದರಿಸಲು ಸಿಬ್ಬಂದಿಗೆ ತರಬೇತಿಯನ್ನೇ ಕೊಡದಿರುವುದು ಇಲಾಖೆಯ ಗಂಭೀರ ಲೋಪವೆಂದು ನನ್ನ ನಮ್ರ ಅಭಿಪ್ರಾಯ.

ಮಗಳು ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಮೊಮ್ಮಗಳು ಸ್ವಲ್ಪ ಬೇಗ ಹುಟ್ಟಿದಳು, ಅಂಗೈಯಷ್ಟಿದ್ದಾಳೆ, ಆದರೆ ಅಳುವುದು ಮೂರು ಮನೆಗೆ ಕೇಳಿಸುತ್ತದೆ.

ಪೈಪು ಅಗೆದ ನಾಲ್ವರಲ್ಲಿ ಮೇಸ್ತ್ರಿಗೆ, ಒಂದು ತಿಂಗಳ ನಂತರ ಕಾಮಾಲೆಯಾಯಿತು. ವಿಷಯ ತಿಳಿದು ನಾನು ಅವರ ಮನೆಗೆ ಹೋದೆ. ಒಂದೇ ಕೋಣೆ, ಚಾಪೆಯ ಮೇಲೆ ಮಲಗಿದ್ದರು. ನನ್ನನ್ನು ಕಂಡು ಗೋಡೆ ಹಿಡಿದು ಎದ್ದು ಕೂತು, "ಬನ್ನಿ ಸಾರ್, ಅವತ್ತು ಶರಬತ್ತು ಕೊಡಿಸಿದ್ರಲ್ಲ" ಎಂದು ಹೆಂಡತಿಗೆ ನನ್ನನ್ನು ಪರಿಚಯ ಮಾಡಿಸಿದರು. ನಾನು ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಅವರು, "ಶರಬತ್ತು ಬಿಡಿ ಸಾರ್, ನಿಮಗೇನು ಗೊತ್ತಿತ್ತು. ಇಲ್ಲದೇ ಇರೋ ಬಿರುಕನ್ನ ಒಂಬತ್ತು ದಿನ ಹುಡುಕ್ಸಿದ್ರಲ್ಲ, ಅದು ಬೇಜಾರು" ಎಂದರು. ಕೂತುಕೊಳ್ಳಿ ಎಂದು ಆಮೇಲೆ ಹೇಳಲಿಲ್ಲ.

ಆದ್ದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಮನೆಯ ಯಜಮಾನನ ಹೇಳಿಕೆ ಪಡೆಯುವ ಮುನ್ನ ಅವನ ಹೆಂಡತಿಯನ್ನು ಕನಿಷ್ಠ ನೂರು ಗಜ ದೂರ ಕಳಿಸುವ, ಅಥವಾ ಯಜಮಾನನನ್ನೇ ದೂರ ಕಳಿಸಿ ಹೆಂಡತಿಯನ್ನು ಕೇಳುವ ಏರ್ಪಾಡಾಗಬೇಕು. ನಿವಾಸಿಗಳ ಸಂಘಗಳ ಕಾರ್ಯದರ್ಶಿಗಳನ್ನು ಸಾಂಕ್ರಾಮಿಕ ರೋಗಗಳ ಪಟ್ಟಿಗೆ ಸೇರಿಸಬೇಕು. ನಾನು ಕಳಿಸಿದ ಎರಡು ಮನವಿಗಳನ್ನು, ಇಲಾಖೆಯಲ್ಲಿ ಗೆದ್ದಲು ಇನ್ನೂ ಉಳಿದಿದ್ದರೆ, ಅವುಗಳಿಗೆ ದಯಪಾಲಿಸಬೇಕು.

ಇಂತು, ಕೇಳಿದ್ದಕ್ಕೆ ಉತ್ತರಿಸುವುದನ್ನು ಐವತ್ತೆಂಟನೆಯ ವಯಸ್ಸಿನಲ್ಲಿ ಕಲಿಯುತ್ತಿರುವ,

ತಮ್ಮ ವಿಶ್ವಾಸಿ,
ಕನ್ನಡಕದಂಗಡಿಯವನು

ಮರೆತ ಮಾತು: ಸದರಿ ಸಹಾಯಕಿಯವರದು ತಾತ್ಕಾಲಿಕ ನೌಕರಿಯೆಂದೂ, ರೋಗ ಹತೋಟಿಗೆ ಬಂದಿರುವುದರಿಂದ ಈ ತಿಂಗಳ ಕೊನೆಗೆ ಅವರನ್ನು ಕೆಲಸದಿಂದ ಬಿಡಿಸಲಾಗುವುದೆಂದೂ ನಿನ್ನೆ ತಿಳಿಯಿತು. ಕೆಲಸ ಚೆನ್ನಾಗಿ ಮಾಡಿದ ತಪ್ಪಿಗೆ ಇದು ತಕ್ಕುದೇ ಇರಬಹುದು. ಆದರೂ ಅವರನ್ನು ಉಳಿಸಿಕೊಳ್ಳಬೇಕೆಂದು ಕೋರಿ ಒಂದು ಮನವಿ ಬರೆದು, ಅದೇ ಬೀದಿಯಲ್ಲಿ, ಅದೇ ಬಾಗಿಲುಗಳನ್ನು ಮೂರು ಸಂಜೆ ತಟ್ಟಿದ್ದೇನೆ. ಎಲ್ಲರೂ ಅವರನ್ನು ಹೊಗಳಿದರು. ನಾಳೆ ನೋಡೋಣ ಎಂದರು. ಒಂಬತ್ತು ಸಹಿಗಳನ್ನು ಇದರೊಡನೆ ಲಗತ್ತಿಸಿದೆ.