ಮಾವನ ಕಾರಿಗೆ ಚರಕದ ಹಿಡಿ

ಭಾನುವಾರ ಬೆಳಿಗ್ಗೆ ಏಳೂ ಮುಕ್ಕಾಲಿಗೆ ಸರಿಯಾಗಿ ನಮ್ಮ ಮಾವ ಮಾಯವಾದರು. ಎಲ್ಲಿಂದ? ನನ್ನ ಪಕ್ಕದ ಸೀಟಿನಿಂದ! ಓಡುವ ಕಾರಿನಲ್ಲಿ ಸ್ಟಿಯರಿಂಗ್ ಹಿಡಿದು ಕೂತಿದ್ದ ಮನುಷ್ಯ, ರಸ್ತೆಯ ಹಂಪು ದಾಟಿದ್ದೇ ತಡ, ಇಲ್ಲ. ಎಲ್ಲಿ ಹೋದರು ಎಂದು ತಿರುಗುವಷ್ಟರಲ್ಲಿ ನಾನೂ ಇಲ್ಲ. ಕಣ್ಣೆದುರಿಗಿದ್ದ ಚಿಂತಾಮಣಿ ರಸ್ತೆ ಹೋಗಿ ಅಲ್ಲಿಗೆ ಕಾರಿನ ಚಾವಣಿ ಬಂದಿತ್ತು.

ಮಾವ ನನ್ನನ್ನು ಕೊಲ್ಲಲು ನೋಡಿದರು ಎಂದು ನಾನು ಹೇಳುವುದಿಲ್ಲ. ಅಷ್ಟು ಅಚ್ಚುಕಟ್ಟಾಗಿ ಯೋಜನೆ ಹಾಕುವ ಸ್ವಭಾವವೇ ಅವರದಲ್ಲ. ಆದರೆ ಅವರು ಬೇಕೆಂದೇ ಪ್ರಯತ್ನಪಟ್ಟಿದ್ದರೂ ಅದಕ್ಕಿಂತ ಚೆನ್ನಾಗಿ ಮಾಡಲು ಆಗುತ್ತಿರಲಿಲ್ಲ ಎಂಬುದು ಮಾತ್ರ ನಿಜ!

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಕೊಂಡು, ಮನೆಯ ಹಿಂದಿನ ಶೆಡ್ಡಿನಲ್ಲಿ ಚರಕ ಹಾಕಿ ನೂಲು ತೆಗೆಸುತ್ತಿದ್ದವರು. ಈಗ ಶೆಡ್ಡು ಮುಚ್ಚಿದೆ. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುತ್ತಾ ಅವರ ಮನೆಯಲ್ಲೇ ಇದ್ದೇನೆ. ಕೆಲಸ ನಿಲ್ಲಿಸಿದ ರೀಲರುಗಳು, ಎಂದರೆ ಹೀಗೆ ನೂಲು ತೆಗೆಸುವವರು, ಸಾಮಾನ್ಯವಾಗಿ ಮನೆ ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಬಿಡುತ್ತಾರೆ. ನಮ್ಮ ಮಾವ ಏನು ಮಾಡಿದರು? ಬೆಂಗಳೂರಿಗೆ ಹೋಗಿ ಒಂದು ಹಳೇ ವಿಲಾಯಿತಿ ಸ್ಪೋರ್ಟ್ಸ್ ಕಾರು ತಂದರು! ಕೆಂಪು ಬಣ್ಣ, ಎರಡೇ ಬಾಗಿಲು, ಹಿಂದೆ ಒಂದು ಮಗುವೋ ಎರಡು ತೆಂಗಿನಕಾಯಿಯೋ ಹಿಡಿಸುವಷ್ಟು ಜಾಗ. ಮೊದಲ ದಿನ ಅದನ್ನು ಗೂಡಿನ ಮಾರುಕಟ್ಟೆಯ ಮುಂದೆ ನಿಲ್ಲಿಸಿದಾಗ ಹಳೆಯ ಗೆಳೆಯರೊಬ್ಬರು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದರಂತೆ:

"ಏನಪ್ಪಾ, ಇದು ಇನ್ನೂ ಬೆಳೆಯುತ್ತಾ, ಇಷ್ಟೇನಾ?"

ಮಾವನಿಗೆ ಬೇಜಾರಾಗಲಿಲ್ಲ. ಅವರ ಲೆಕ್ಕವೇ ಬೇರೆ. "ಮದುವೆಯಾದ ಹೊಸದರಲ್ಲಿ ನಿಮ್ಮತ್ತೇನ ಕೆಂಚಾರ್ಲಹಳ್ಳಿಯಿಂದ ಹೆಂಗೆ ಕರ್ಕೊಂಡ್ ಬಂದೆ ಗೊತ್ತಾ? ಟೆಂಪೋದಲ್ಲಿ ಕಣಮ್ಮಾ, ಗೂಡಿನ ಮೂಟೆಗಳ ಮಧ್ಯೆ! ಒಂದೇ ಒಂದ್ಸಲ ರಾಣಿ ಥರ ಅವಳ ತವರಿಗೆ ಕರ್ಕೊಂಡ್ ಹೋಗ್ಬೇಕು ಅಂತ" ಎಂದು ನನಗೆ ಗುಟ್ಟಾಗಿ ಹೇಳಿದ್ದರು. ಗುಟ್ಟು ಎಂದರೆ ಬೀದಿಗೆಲ್ಲ ಕೇಳಿಸುವ ಗುಟ್ಟು.

ರಾಣಿಯವರಿಗೆ ಬೆನ್ನುನೋವು. ಸ್ವಲ್ಪ ಹಿಂದಕ್ಕೆ ಒರಗಿ ಕೂತರೆ ಪರವಾಗಿಲ್ಲ, ನೆಟ್ಟಗೆ ಕೂತರೆ ನರ ಹಿಡಿದುಕೊಳ್ಳುತ್ತದೆ. ಬಸ್ಸಂತೂ ಆಗದು. ತವರೂರಲ್ಲೇ ಮನೆ ಮಾಡಿರುವ ಅಕ್ಕನನ್ನು, ಎಂದರೆ ನನ್ನ ದೊಡ್ಡತ್ತೆಯನ್ನು, ನೋಡಿ ಬಹಳ ಕಾಲವಾಗಿತ್ತು. ಮಾವ ಬಾಗಿಲು ತೆರೆದು ಹಿಡಿದರು. ಅತ್ತೆ ಸೆರಗು ಸರಿಮಾಡಿಕೊಂಡು ಕಾರಿನೊಳಗೆ ಹೋದರು, ಹೋದರು ಎನ್ನುವುದಕ್ಕಿಂತ ಇಳಿದರು ಎನ್ನಬೇಕು. ಸೀಟಿನ ಬೆನ್ನು ಗೋಡೆಯ ಹಾಗೆ ನೆಟ್ಟಗಿತ್ತು. ಅದನ್ನು ಒರಗಿಸಲು ಗೇರಿನ ಪಕ್ಕ, ಸೀಟಿಗೊಂದರಂತೆ ಪ್ಲಾಸ್ಟಿಕ್ ಹಿಡಿಗಳಿದ್ದವು. ಮಾವ ಒಂದನ್ನು ಒತ್ತಿದರು. ಅದು ಒಣಗಿದ ಹಪ್ಪಳದ ಹಾಗೆ ಮುರಿದು ಕೈಗೆ ಬಂತು. ಅಭ್ಯಾಸಕ್ಕಿರಲಿ ಎಂದೋ ಏನೋ, ಇನ್ನೊಂದನ್ನೂ ಒತ್ತಿದರು. ಅದೂ ಬಂತು.

"ನನಗೋಸ್ಕರ ತಂದ್ರಂತೆ!" ಎಂದರು ಅತ್ತೆ ಸೊಂಟ ಹಿಡಿದು ಮೇಲೇಳುತ್ತಾ. "ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ ಹಾಗಿದೆ. ಇದು ಒರಗೋವರ್ಗೂ ನಾನು ಹತ್ತಲ್ಲ."

ಬಾಡಿಗೆ ಕಾರು ಮಾಡಬಾರದೇ ಎಂದು ನಾನು ಕೇಳಿದೆ. ಮಾವ ನನ್ನನ್ನು ನೋಡಿದ ನೋಟದಲ್ಲಿ, ಅತ್ತೆಗೆ ಬಾಡಿಗೆ ತಾಳಿ ಕಟ್ಟಬಾರದಿತ್ತೇ ಎಂದು ನಾನು ಕೇಳಿದಂತಿತ್ತು.

ಹಿಡಿಗಳಿಗೆ ಇಂಗ್ಲೆಂಡಿಗೆ ಆರ್ಡರ್ ಹೋಯಿತು. ಕಾದೂ ಕಾದೂ ಬಂದ ಪಾರ್ಸೆಲ್ಲಿನಲ್ಲಿದ್ದದ್ದು ಕಿಟಕಿ ಗಾಜು ಇಳಿಸುವ ಹಿಡಿಗಳು! ಬೇರೆ ಹಿಡಿ ಬಂದಿದೆ ಎಂದು ನಾನು ಅಂಗಡಿಯವರಿಗೆ ಮೇಲ್ ಬರೆದೆ; ಸರಿಯಾದದ್ದು ಕಳಿಸುತ್ತೇವೆ, ಕ್ಷಮಿಸಿ ಎಂದು ಅವರೂ ಬರೆದರು. ಇಷ್ಟು ಹೊತ್ತಿಗೆ ಮಾವ ಆ ಕಿಟಕಿ ಹಿಡಿಯನ್ನು ಗಾಳಿಯಲ್ಲಿ ಗಿರಗಿರನೆ ತಿರುಗಿಸುತ್ತಿದ್ದರು. ಅವರ ಮುಖದಲ್ಲಿ ಒಂದು ಬೆಳಕು ಮೂಡಿತು. ಆ ಬೆಳಕನ್ನು ಕಂಡಾಗಲೇ ನಾನು ನಮ್ಮಪ್ಪನ ಮನೆಗೆ ಹೊರಟುಬಿಡಬೇಕಿತ್ತು.

"ಇದು ನಮ್ಮ ಚರಕದ ಹಿಡಿ ಥರಾನೇ ಐತಲ್ಲಮ್ಮಾ! ಶೆಡ್ಡಲ್ಲಿ ಅಷ್ಟೊಂದು ಬಿದ್ದಿವೆ, ಯಾಕೆ ಕಾಯ್ಬೇಕು?"

"ಮಾವ, ಅವು ಕಬ್ಬಿಣದವು. ಭಾರ ಆಗಲ್ವಾ?"

"ಹಿಡಿ ಅಂದ್ರೆ ಭಾರ ಇರ್ಬೇಕಮ್ಮಾ. ಚರಕದಲ್ಲಿ ಹಗುರ ಹಿಡಿ ಹಾಕಿ ನೋಡು, ಕೈ ಬಿದ್ದೋಗುತ್ತೆ. ಭಾರ ಇದ್ರೆ ಅದರ ಪಾಡಿಗೆ ಅದು ತಿರುಗುತ್ತೆ."

ಅದರ ಪಾಡಿಗೆ ಅದು! ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಶನಿವಾರವೆಲ್ಲ ಕೂತು ಎರಡು ಚರಕಗಳ ಹಿಡಿ ಬಿಚ್ಚಿ, ಗ್ರೀಸು ಒರೆಸಿ, ವೆಲ್ಡಿಂಗ್ ಅಂಗಡಿಗೆ ಹೋಗಿ ತೂತು ಹೊಂದಿಸಿ, ಸೀಟುಗಳಿಗೆ ಕೂರಿಸಿದರು. ಒತ್ತಿದರೆ ಸೀಟಿನ ಬೆನ್ನು ಬೆಣ್ಣೆಯ ಹಾಗೆ ಹಿಂದಕ್ಕೆ ಹೋಗುತ್ತಿತ್ತು. ಎತ್ತಿದರೆ ಟಕ್ಕೆಂದು ನಿಲ್ಲುತ್ತಿತ್ತು. ಮಾವ ಅಂಗಳದಲ್ಲೇ ಹತ್ತು ಸಲ ಮಲಗಿ ಎದ್ದರು. ಅತ್ತೆಯನ್ನು ಹತ್ತಿಸುವ ಮೊದಲು ಒಂದು ಪರೀಕ್ಷೆ ಆಗಲಿ ಎಂದು ಮಾರನೆಯ ಬೆಳಿಗ್ಗೆ ನನ್ನನ್ನು ಕೂರಿಸಿಕೊಂಡು ಹೊರಟರು.

ಅಂಗಳದಲ್ಲಿ ಇಲ್ಲದ್ದು, ರಸ್ತೆಯಲ್ಲಿ ಇದ್ದದ್ದು ಯಾವುದು? ಹಂಪು! ಕಾರು ಎತ್ತಿ ಕುಕ್ಕಿತು, ಕಬ್ಬಿಣದ ಭಾರಕ್ಕೆ ಎರಡು ಹಿಡಿಗಳೂ ಅವುಗಳ ಪಾಡಿಗೆ ಅವು ಕೆಳಗಿಳಿದವು, ನಾವಿಬ್ಬರೂ ಅಂಗಾತ ಮಲಗಿದೆವು. ಕಾರು ಮಾತ್ರ ಇಳಿಜಾರಿನಲ್ಲಿ ಹೋಗುತ್ತಲೇ ಇತ್ತು.

"ಮುಂದೆ ಏನೈತೆ ನೋಡಮ್ಮಾ!" ಪಕ್ಕದಿಂದ ಮಾವನ ಧ್ವನಿ.

ಡ್ಯಾಷ್‌ಬೋರ್ಡು ಹಿಡಿದು ಅರ್ಧ ಎದ್ದೆ. "ಟ್ರಾಕ್ಟರು!"

"ಬರ್ತಾ ಐತಾ, ಹೋಗ್ತಾ ಐತಾ?"

ನಿಜ ಹೇಳುತ್ತೇನೆ, ಇವತ್ತಿಗೂ ನನಗೆ ಗೊತ್ತಿಲ್ಲ. ಹಿಪ್ಪುನೇರಳೆ ಸೊಪ್ಪನ್ನು ಗುಡ್ಡದಷ್ಟು ಹೇರಿಕೊಂಡ ಟ್ರಾಕ್ಟರಿಗೆ ಮುಖ ಯಾವುದು, ಬೆನ್ನು ಯಾವುದು? ನನಗೆ ಕಂಡದ್ದು ಬರೀ ಹಸಿರು, ಅದು ದೊಡ್ಡದಾಗುತ್ತಿತ್ತು. ಇತಿಹಾಸ ಪಾಠ ಮಾಡುವವಳು ನಾನು, ಇಷ್ಟು ಬೇಗ ಅದರ ಪುಟ ಸೇರಲು ತಯಾರಿರಲಿಲ್ಲ. ಸ್ಟಿಯರಿಂಗಿಗೆ ಕೈ ಹಾಕಿ ಎಳೆದೆ. ಮಾವ ಮಲಗಿದಲ್ಲಿಂದಲೇ ಕಾಲು ಚಾಚಿ ಯಾವುದನ್ನೋ ತುಳಿದರು. ಬ್ರೇಕೇ ಆಗಿತ್ತು, ನಮ್ಮ ಪುಣ್ಯ. ಕಾರು ರಸ್ತೆ ಬಿಟ್ಟು, ನೀರು ಹಾಯಿಸಿದ್ದ ಹೊಲದ ಕೆಸರಿಗೆ ಮೂಗು ತೂರಿ ನಿಂತಿತು.

ಟ್ರಾಕ್ಟರಿನವನು ಓಡಿ ಬಂದು ಕಿಟಕಿಯಲ್ಲಿ ಬಗ್ಗಿದ. ಮಲಗಿದ್ದ ಮಾವನನ್ನು ಕಂಡು ಹೌಹಾರಿದ.

"ಅಯ್ಯೋ, ಒಳಗೆ ಜನ ಇದೀರಾ! ಡ್ರೈವರಿಲ್ದೆ ಓಡೋ ಕಾರು ಬಂದೈತೆ ಅಂತ ಮೊಬೈಲಲ್ಲಿ ನೋಡಿದ್ದೆ. ನಮ್ಮ ಕಡೇಗೂ ಬಂತಲ್ಲಪ್ಪಾ ಅಂತ ಖುಷಿಯಾಗಿದ್ದೆ ಸಾರ್!"

ಇಂಥ ಮಾತಿಗೆ ಮಾವ ಬೇರೆ ದಿನವಾಗಿದ್ದರೆ ಎರಡರಷ್ಟು ನಗಿಸುವ ಉತ್ತರ ಕೊಡುತ್ತಿದ್ದರು. ಅವತ್ತು ನನ್ನ ಸೀಟನ್ನೇ ನೋಡುತ್ತಿದ್ದರು.

ಅತ್ತೆಗೆ ಪ್ರೀತಿ ಕನ್ನಡದಲ್ಲಿ, ಕೋಪ ತೆಲುಗಿನಲ್ಲಿ. ಕೆಸರು ಮೆತ್ತಿದ ನಮ್ಮನ್ನು ಕಂಡು "ಮೀಕೇಮನ್ನಾ ಪಿಚ್ಚಿ ಪಟ್ಟಿಂದಾ?" ಎಂದು ಶುರು ಮಾಡಿದರು, ಹುಚ್ಚು ಹಿಡಿದಿದೆಯಾ ಎಂದು. ಟ್ರಾಕ್ಟರು ಎಳೆದು ತಂದ ಕಾರನ್ನು ಮಾವ ಶೆಡ್ಡಿಗೆ ತಳ್ಳಿ ಟಾರ್ಪಾಲು ಮುಚ್ಚಿದರು. "ಮಾರಿಬಿಡಣ" ಎಂದರು. ಆಮೇಲೆ ನನಗೊಬ್ಬಳಿಗೇ ಕೇಳುವಂತೆ, ಈ ಸಲ ನಿಜವಾಗಿಯೂ ಗುಟ್ಟಾಗಿ, "ನಿನ್ನ ಜಾಗದಲ್ಲಿ ಅವಳಿದ್ದಿದ್ರೆ? ಆ ಬೆನ್ನು ಇಟ್ಕೊಂಡು ಏಳೋಕಾಗ್ತಿತ್ತಾ ಅವಳಿಗೆ?" ಎಂದರು.

ಅಂದಿನಿಂದ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ನನ್ನ ತಲೆ ದಿಂಬಿಗೆ ತಾಗಿದರೆ ಸಾಕು, ಸೀಟು ಬಿತ್ತೆಂದು ಎದ್ದು ಗಾಳಿಯಲ್ಲಿ ಸ್ಟಿಯರಿಂಗ್ ಹಿಡಿಯುತ್ತಿದ್ದೆ. ಮಾವ ಗೋಡೆಗೆ ಒರಗಿ ಕೂತೇ ಇರುತ್ತಿದ್ದರು. ಅವರು ಕೂತಿದ್ದಾರೆ ಎಂದು ಅತ್ತೆಯೂ. ಶಾಲೆಯಲ್ಲಿ ನಾನು ಮೊದಲನೇ ಪಾಣಿಪತ್ ಕದನವನ್ನು ಎರಡು ಸಲ ಮಾಡಿಸಿದೆ. ಎರಡನೇ ಸಲ ಬೇರೆಯವರು ಗೆದ್ದರು.

ಯುಗಾದಿಯ ಹಿಂದಿನ ದಿನ ಸರಿಯಾದ ಹಿಡಿಗಳ ಪಾರ್ಸೆಲ್ ಬಂತು. ಮಾವ ಮುಟ್ಟಲೂ ಇಲ್ಲ. ಅತ್ತೆಯೇ ಕತ್ತರಿ ತಂದು ಬಿಚ್ಚಿದರು. ಹಗುರವಾದ, ಕಪ್ಪನೆಯ, ಸಾಧಾರಣ ಹಿಡಿಗಳು.

"ಹಾಕ್ರಿ ಇದನ್ನ."

"ಬೇಡ ಕಣೇ. ಮಾರೋ ಗಾಡಿಗೆ ಯಾಕೆ?"

"ಯಾರ್ ಮಾರೋದು? ನನಗೆ ಅಂತ ತಂದಿದ್ದು ತಾನೆ? ನನ್ನ ಕಾರು, ನಾನು ಮಾರಲ್ಲ. ವರ್ಷತೊಡಕಿಗೆ ಅಕ್ಕನ ಮನೇಲಿ ಊಟ ಅಂತ ಫೋನ್ ಮಾಡಾಯ್ತು. ನೀವು ಓಡಿಸ್ತೀರೋ, ನಾನೇ ಓಡಿಸ್ಲೋ?"

ಅತ್ತೆಗೆ ಸೈಕಲ್ಲೂ ಬರುವುದಿಲ್ಲ. ಮಾವ ಸ್ಪ್ಯಾನರ್ ಎತ್ತಿಕೊಂಡರು.

ವರ್ಷತೊಡಕಿನ ದಿನ, ಅಂದರೆ ಯುಗಾದಿಯ ಮಾರನೆಯ ದಿನ, ಬೆಳಿಗ್ಗೆ ಹೊರಟೆವು. ತೆಂಗಿನಕಾಯಿಯ ಜಾಗದಲ್ಲಿ ನಾನು ಮೊಣಕಾಲನ್ನು ಗಲ್ಲಕ್ಕೆ ಆನಿಸಿಕೊಂಡು ಕೂತೆ. ಅತ್ತೆ ಸೀಟು ಒರಗಿಸಿಕೊಂಡು ಹಾಯಾಗಿ ಕೂತರು. ಮಾವ ಎಷ್ಟು ನಿಧಾನವಾಗಿ ಓಡಿಸಿದರೆಂದರೆ, ಒಂದು ಕುರಿಮಂದೆ ನಮ್ಮನ್ನು ಹಿಂದೆ ಹಾಕಿ ಹೋಯಿತು. ಮೊದಲ ಹಂಪು ಬಂತು. ನಾನು ಕಣ್ಣು ಮುಚ್ಚಿದೆ. ಏನೂ ಆಗಲಿಲ್ಲ. ಕಣ್ಣು ಬಿಟ್ಟರೆ, ಅತ್ತೆಯ ಬಲಗೈ ಮಾವನ ಸೀಟಿನ ಹಿಡಿಯ ಕೆಳಗಿತ್ತು. ಅಂಗೈ ಮೇಲೆ ಮಾಡಿ, ಹಿಡಿ ಬೀಳದ ಹಾಗೆ ಎತ್ತಿ ಹಿಡಿದಿದ್ದರು. ತಮ್ಮ ಸೀಟಿನ ಹಿಡಿಯ ಕಡೆ ನೋಡಿಯೂ ಇರಲಿಲ್ಲ.

ಗೇರು ಬದಲಿಸಲು ಹೋದ ಮಾವನ ಕೈಗೆ ಆ ಕೈ ತಾಗಿತು.

"ಅದು ಬೀಳಲ್ಲ ಕಣೇ. ಹೊಸದು."

"ಗೊತ್ತು. ರಸ್ತೆ ನೋಡ್ಕೊಂಡು ಓಡಿಸ್ರಿ."

ಕೆಂಚಾರ್ಲಹಳ್ಳಿಯವರೆಗೂ ಅತ್ತೆ ಆ ಕೈ ತೆಗೆಯಲಿಲ್ಲ. ಕೈ ಜೋಮು ಹಿಡಿದು, ಇಳಿದ ಮೇಲೆ ಅಕ್ಕನ ಕೈ ಹಿಡಿಯಲೂ ಆಗಲಿಲ್ಲ. ಮಾವ ಆ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು, ಎಲ್ಲರೆದುರಿಗೇ ಬಹಳ ಹೊತ್ತು ತಿಕ್ಕಿದರು.

ಊಟ ಮುಗಿಸಿ, ಹೊರಡುವುದು ನಾಳೆಯಾಗಲಿ ಎಂದು ದೊಡ್ಡತ್ತೆಯ ಹಜಾರದಲ್ಲೇ ಚಾಪೆ ಹಾಸಿದೆವು. ಆ ವರ್ಷತೊಡಕಿನ ದಿನ ಮಲಗಿದವರು, ಮೂವರೂ, ಮಾರನೆಯ ಬೆಳಿಗ್ಗೆ ದೊಡ್ಡತ್ತೆ ಬಂದು ಕಾಫಿ ಆರಿಹೋಗುತ್ತೆಂದು ಗದರುವವರೆಗೂ ಒಂದು ಸಲವೂ ಏಳಲಿಲ್ಲ.