ಕುರಿಗೆ ಸಕ್ಕರೆ ನೋಡಿದ್ದು

ಹಸಿವಿನ ಪಾಠ ಎತ್ತಿಕೊಂಡಾಗಲೆಲ್ಲ ನಮ್ಮ ಹುಣಸೂರಿನಲ್ಲಿ ಏನಾದರೊಂದು ನಡೆದು ನಾನು ದಂಗಾಗಿ ನಿಲ್ಲುವುದುಂಟು. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ನನ್ನ ಹೆಂಡತಿ ಕಳೆದ ವರ್ಷ ಸಕ್ಕರೆ ಕಾಯಿಲೆಯಿಂದ ತೀರಿಕೊಂಡಳು. ಕಾಲಿನ ಗಾಯದಿಂದ ಶುರುವಾಗಿತ್ತು. ಈಗ ಪಕ್ಕದ ಮನೆಯ ಗೌಡರ ಕಾಲಲ್ಲೂ ಮಾಯದ ಗಾಯ. ರಕ್ತ ಪರೀಕ್ಷೆ ಎಂದರೆ ಮಾತು ಬದಲಿಸುತ್ತಾರೆ.

೧. ಹಸಿವು ಹುಟ್ಟುವ ಜಾಗ

ಮಕ್ಕಳಿಗೆ ತೋರಿಸಲು ಕುರಿಯ ಜಠರ ಬೇಕಿತ್ತು. ಮಟನ್ ಅಂಗಡಿಗೆ ಹೋದೆ. ಗೌಡರೂ ಅಲ್ಲೇ ಬೋಟಿ ಕೊಳ್ಳುತ್ತಿದ್ದರು.

"ಸಾರಿಗಾ ಸಾರ್?" ಎಂದರು ಅಂಗಡಿಯ ಸಾಹೇಬರು.

"ಪಾಠಕ್ಕೆ. ಹಸಿವು ಹುಟ್ಟಿಸುವ ಹಾರ್ಮೋನು ಹೆಚ್ಚಾಗಿ ತಯಾರಾಗೋದು ಇಲ್ಲೇ."

ಸಾಹೇಬರ ಕತ್ತಿ ಅರ್ಧಕ್ಕೆ ನಿಂತಿತು. "ಮೆಲ್ಲಗೆ ಹೇಳಿ ಸಾರ್. ಇವರೆಲ್ಲ ಹಸಿವು ಹೋಗ್ಲಿ ಅಂತ ತಗೊಂಡು ಹೋಗ್ತಾ ಇದಾರೆ."

೨. ಇಲಿಯ ಮಾತು

ವಾಪಸು ಬರುವಾಗ ಗೌಡರಿಗೆ ಬಿಡಿಸಿ ಹೇಳಿದೆ. ಪ್ರಯೋಗಕ್ಕೆಂದು ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಲ್ಲಿ ಆ ಹಾರ್ಮೋನು ಏರುವುದುಂಟು. ಅವು ಎಷ್ಟು ತಿಂದರೂ ಇನ್ನೂ ತಿನ್ನುತ್ತವೆ. ಮೈಯಲ್ಲಿ ಜೋರು ಉರಿಯೂತವೆದ್ದಾಗ ಅದು ಇಳಿಯುತ್ತದೆ. ಆಗ ಇಲಿ ಕಾಳನ್ನು ಮೂಸಿಯೂ ನೋಡುವುದಿಲ್ಲ.

"ನಿಮಗೂ ಈಚೆಗೆ ಹಸಿವು ಜಾಸ್ತಿ ಗೌಡ್ರೇ, ಗಾಯ ಬೇರೆ."

ಅವರು ನಡುರಸ್ತೆಯಲ್ಲೇ ನಿಂತರು. "ಅಂಗಾರೆ ಪ್ರಾಣಿಗೂ ಸುಗರ್ ಬತ್ತದಾ?"

"ಬರುತ್ತೆ."

"ಇಷ್ಟ್ ವರ್ಸ ನೋಡ್ದೇನೇ ತಿಂದ್ಬುಟ್ವಲ್ಲ ಮೇಷ್ಟ್ರೇ."

ತಮ್ಮ ಗಾಯದ ಮಾತು ಅವರ ಕಿವಿಗೇ ಬಿದ್ದಿರಲಿಲ್ಲ.

೩. ಹೊಸತೊಡಕು

ಯುಗಾದಿಯ ಮಾರನೆಯ ದಿನ ನಮ್ಮ ಬೀದಿಯವರು ಸೇರಿ ಒಂದು ಕುರಿ ಕೊಯ್ದು, ಮನೆಗೊಂದು ಗುಡ್ಡೆಯಂತೆ ಬಾಡು ಹಂಚಿಕೊಳ್ಳುತ್ತೇವೆ. ಮುಂದಾಳತ್ವ ಗೌಡರದು. ಅವತ್ತು ಬೆಳಿಗ್ಗೆಯೇ ಬಂದು, ನನ್ನ ಹೆಂಡತಿಯ ಸಕ್ಕರೆ ನೋಡುವ ಮೆಶೀನು ಕೇಳಿದರು. ಕೊನೆಗೂ ಒಪ್ಪಿದರಲ್ಲ ಎಂದು ಅವಳ ಬೀರು ತೆರೆದೆ. ಅವಳು ಹೋದ ಮೇಲೆ ಅದನ್ನು ತೆರೆದಿರಲಿಲ್ಲ. ಮೆಡಿಕಲ್ ಸ್ಟೋರಿನಿಂದ ಹೊಸ ಸೂಜಿ, ಸ್ಟ್ರಿಪ್ಪು ತಂದು ಕೊಟ್ಟು, ಹಿಂದೆಯೇ ಹೋದೆ.

ಗೌಡರು ಕುರಿಯ ಕಿವಿ ಹಿಡಿದು ಚುಚ್ಚುತ್ತಿದ್ದರು. "ಕುರಿಗಾ ಗೌಡ್ರೇ?" ಎಂದೆ.

"ಬೀದಿಯೋರೆಲ್ಲ ತಿನ್ನೋದು ಕಣ್ರೀ. ಎಚ್ಚುಕಮ್ಮಿ ಆದ್ರೆ ನನ್ನ ತಾನೆ ಕೇಳೋದು?"

ಅಂಕಿ ತೀರಾ ಕಡಿಮೆ ಬಂತು. ಕುರಿಗೆ ಇರುವುದೇ ಅಷ್ಟು ಎಂದು ನಾನು ಹೇಳುವಷ್ಟರಲ್ಲಿ, "ಸುಗರ್ ಇಳ್ದೋಗದೆ, ಬೆಲ್ಲ ತನ್ರಲಾ" ಎಂದರು. ಕುರಿ ಬೆಲ್ಲ ತಿಂದಿತು.

ಗೌಡರ ಹೆಂಡತಿ ಜಗಲಿಯಿಂದಲೇ, "ಮೆಶೀನೇ ಕೆಟ್ಟಿರ್ಬೌದು. ಯಾರಾದ್ರೂ ಗಟ್ಟಿಮುಟ್ಟಾಗಿರೋರ್ಗೆ ಚುಚ್ಚಿ ನೋಡ್ಬೇಕು. ನಿಮ್ಮಷ್ಟು ಗಟ್ಟಿ ಯಾರವ್ರೆ?" ಎಂದರು.

ಗೌಡರು ಬೀದಿಯ ಮುಂದೆ ಎದೆಯುಬ್ಬಿಸಿ ಬೆರಳು ನೀಡಿದರು. ಬೇರೆ ಸೂಜಿ ಹಾಕಿ ನಾನೇ ಚುಚ್ಚಿದೆ; ಅಂಕಿ ನಾನೂರು ದಾಟಿತ್ತು. ಅವರ ಹೆಂಡತಿ ನನ್ನ ಮುಖ ನೋಡಿದವರೇ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಆಟೋ ಕರೀರಿ" ಎಂದರು.

ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ಬಿಚ್ಚಿ ನೋಡಿ ಬೈದರು. ಕೊನೆಗೆ, ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು, ಈಗ ಕಾಲು ಉಳಿಸಬಹುದು ಎಂದರು.

"ಮನೇಲಿ ಬೇರೆ ಯಾರಿಗಾದ್ರೂ ಸಕ್ಕರೆ ನೋಡಿದ್ರಾ?" ಎಂದು ಡಾಕ್ಟರು ಕೇಳಿದರು.

"ಕುರಿಗ್ ನೋಡ್ದೊ ಸಾರ್," ಎಂದರು ಗೌಡರು. "ಅದುಕ್ಕೇನೂ ಇಲ್ಲ. ಮಧ್ಯಾನ್ಕೆ ಊಟ."