ಕಾಯಬ್ಯಾಡ ಅಂದ್ರೂ ನಿಂತ ಕಂಪ್ಯೂಟರ್

ನಾರಾಯಣಪೇಟ್ಯಾಗ ಒಂದು ಸೀರಿ ಅಂಗಡಿ ಕಂಪ್ಯೂಟರ್ ನೋಡ್ಕೊಳ್ಳೋ ಕೆಲಸ ನಂದು. ದಿನಾ ಏನಾರ ಒಂದು ಆಗೇ ಆಗ್ತೈತಿ. ಕಂಪ್ಯೂಟರ್ ನಿಂತ್ರ ನನ್ನ ಕರೀತಾರ, ಊರಾಗ ಕರೆಂಟ್ ಹೋದ್ರೂ ನನ್ನೇ ಕರೀತಾರ.

ಕಿಟಕಿ

ನಮ್ಮ ಸಾವ್ಕಾರ್ರಿಗೆ ಮಕ್ತಲ್, ಗದ್ವಾಲ್‌ದಾಗೂ ಅಂಗಡಿ ಅದಾವ. ಯಾವ ಸೀರಿ ಎಲ್ಲೈತಿ ಅಂತ ಇಲ್ಲೇ ಸ್ಕ್ರೀನ್ ಮ್ಯಾಲ ಕಾಣಬೇಕು. ಅದಕ್ಕ ನಾನು ಪ್ರೋಗ್ರಾಂ ಬರೆದೆ.

"ಒಳಗ ಸಾಕೆಟ್ ಅಂತ ಒಂದು ಕಿಟಕಿ ಐತ್ರಿ. ಸುದ್ದಿ ಬಂದಿದ್ರ ತಗೋ, ಇಲ್ಲಂದ್ರ ಕಾಯಬ್ಯಾಡ, ತಿರುಗಿ ಬಾ ಅಂತ ಹೇಳಿಟ್ಟೀನಿ" ಅಂದೆ.

"ಹೇಳಿದ ಮಾತು ಕೇಳೋರು ಈ ಅಂಗಡ್ಯಾಗ ಇಲ್ಲಿತನಕ ಒಬ್ಬರೂ ಇರ್ಲಿಲ್ಲ ನೋಡು" ಅಂದ್ರು ಸಾವ್ಕಾರ್ರು.

ಕೀಲಿ

ಪ್ರೋಗ್ರಾಮೂ ಕೇಳ್ಲಿಲ್ಲ. ಮದುವಿ ಮಂದಿ ಬಂದು ಕುಂತಾಗೇ ಸ್ಕ್ರೀನ್ ಗಪ್ಪನ ನಿಂತುಬಿಡ್ತು. ಅವರು ಎದ್ದು ಎದುರಂಗಡಿಗೆ ಹೋದ್ರು.

"ಇನ್ನೊಮ್ಮೆ ನಿಂತ್ರ ಈ ಡಬ್ಬಿ ಗೋದಾಮಿಗೆ ಹಾಕ್ತೀನಿ. ಮೊದ್ಲಿನಂಗ ಫೋನ್ ಮಾಡಿ ಕೇಳ್ತೀನಿ" ಅಂದ್ರು ಸಾವ್ಕಾರ್ರು. ನನ್ನ ಕೆಲಸನೂ ಗೋದಾಮಿಗೆ ಹೋದಂಗೇ.

ಆದ್ರ ಅಂಜಿಕಿಗಿಂತ ಹುಕಿ ಜಾಸ್ತಿ ನನಗ. ಕಾಯಬ್ಯಾಡ ಅಂದ್ಮ್ಯಾಲ ಇದು ಯಾಕ ಕಾಯ್ತೈತಿ? ಹುಡುಕಿ ಹುಡುಕಿ, ಕಂಪ್ಯೂಟರಿನ ಯಜಮಾನಿಕಿ ಮಾಡೋ ಕರ್ನಲ್ ತನಕ ಹೋದೆ. ನಮ್ದು ಹಳೇ ಕರ್ನಲ್. ಅದರಾಗ ಆ ಕಿಟಕಿಗೊಂದು ಕೀಲಿ! ನಾನೇ ಬರೆದ ಇನ್ನೊಂದು ಪ್ರೋಗ್ರಾಂ ಆ ಕೀಲಿ ಹಿಡ್ಕೊಂಡು, ಸುದ್ದಿ ಬರೋತನಕ ಅಲ್ಲೇ ನಿದ್ದಿ ಹೊಡೀತಿತ್ತು. ಸುದ್ದಿಗೆ ಕಾಯಬ್ಯಾಡ ಅಂದಿದ್ದ ಪ್ರೋಗ್ರಾಂ ಹೊರಗ ಕೀಲಿಗೆ ಕಾಯ್ತಿತ್ತು. ಕೀಲಿಗೂ ಕಾಯಬ್ಯಾಡ ಅಂತ ಹೇಳಾಕ ಅಲ್ಲಿ ದಾರಿನೇ ಇಲ್ಲ.

ಸಾವ್ಕಾರ್ರಿಗೆ ಹೇಳಿದೆ. "ನಿದ್ದಿ ಹೋದವ ಆರಾಮ, ಬೈಸ್ಕೊಂಡವ ನಿಂತವ. ಥೇಟ್ ನಮ್ಮನಿ" ಅಂದ್ರು.

ಟವಲ್

ಎರಡು ಪ್ರೋಗ್ರಾಮಿಗೂ ಬ್ಯಾರೆ ಬ್ಯಾರೆ ಕಿಟಕಿ ಮಾಡಿಕೊಟ್ಟೆ. ಮರುದಿನ ಧನ್ವಾಡದಿಂದ ತಾಯಿ ಮಗಳು ಬಂದ್ರು. ರೇಷ್ಮಿ ಅಂಚಿನ ಹಸರು ಗದ್ವಾಲ್ ಸೀರಿನೇ ಬೇಕಂತ.

"ಉಂದಾ ಲೇದಾ, ಜಲ್ದಿ ಚೆಪ್ಪಂಡಿ" ಅಂದ್ಲು ತಾಯಿ ತೆಲುಗಿನ್ಯಾಗ, ಐತೋ ಇಲ್ಲೋ ಜಲ್ದಿ ಹೇಳ್ರಿ ಅಂತ.

ದೇವ್ರೇ ಅಂತ ಗುಂಡಿ ಒತ್ತಿದೆ. ಕಣ್ಣು ಮಿಟುಕಿಸೋದ್ರಾಗ ಸ್ಕ್ರೀನ್ ಮ್ಯಾಲ ದೊಡ್ಡ ಅಕ್ಷರದಾಗ ಬಂತು: ಇಲ್ಲ. ನಿಲ್ಲದೇ ಉತ್ತರ ಕೊಡ್ತಲ್ಲ, ನಾನು ಕುಣಿಯೋದೊಂದು ಬಾಕಿ.

ಸಾವ್ಕಾರ್ರು ಹೆಗಲ ಮ್ಯಾಲಿನ ಟವಲ್ ಜಗ್ಗಿ ಸ್ಕ್ರೀನ್ ಮ್ಯಾಲ ಹಾಕಿದ್ರು. "ಕೂಡ್ರಿ ಅಮ್ಮಾ, ಕಂಪ್ಯೂಟರ್ ನಿಂತುಬಿಟ್ಟೈತಿ. ಚಾ ತರಸ್ತೀನಿ, ಅಷ್ಟ್ರಾಗ ಇವಿಷ್ಟು ನೋಡ್ರಿ."

ಇಬ್ರೂ ಚಾ ಕುಡಿದು, ಕೆಂಪು ಸೀರಿ ತಗೊಂಡು ನಕ್ಕೋತ ಹೋದ್ರು.

"ಅದು ನಿಂತಿರ್ಲಿಲ್ರೀ ಸಾವ್ಕಾರ್ರ!" ಅಂದೆ, ಅಳು ಬಂದಂಗಾಗಿ.

"ಕುಂತ ಗಿರಾಕಿಗೆ ಇಲ್ಲ ಅಂತಾರೇನು ತಂಗೀ? ನಮ್ಮಪ್ಪನೂ ಅಂಗಡ್ಯಾಗ ಆ ಮಾತು ಆಡ್ಲಿಲ್ಲ. ಡಬ್ಬಿ ಇಲ್ಲೇ ಇರ್ಲಿ. ಆದ್ರ ಆ ನಿದ್ದಿ ಹೋಗಿದ್ನಲ್ಲ, ಅವನ ಕೈಗೆ ಕೀಲಿ ತಿರುಗಿ ಕೊಟ್ಬಿಡು."